ತುಂಗಭದ್ರೆಯ ಮಕ್ಕಳಿಗೆ ನೀರಿನ ವಿದ್ಯೆ

2022ನೆಯ ಇಸವಿಯ ಸೆಪ್ಟೆಂಬರ್ ತಿಂಗಳಿನಲ್ಲಿ ಬಳ್ಳಾರಿ ಸೀಮೆಯ ಗ್ರಾಮವೊಂದರಲ್ಲಿ ಒಬ್ಬ ಬಾಲಕನು ನೀರಿನಲ್ಲಿ ಮುಳುಗಿ ಅಸುನೀಗಿದನು. ಮನೆಯವರು ಅವನ ದೇಹವನ್ನು ಉಪ್ಪಿನ ರಾಶಿಯಲ್ಲಿ ಹುದುಗಿಸಿ, ಈಗ ಉಸಿರಾಡುವನು, ಇನ್ನೊಂದು ಗಳಿಗೆಗೆ ಕಣ್ದೆರೆಯುವನು ಎಂದು ಹಲವು ಗಂಟೆಗಳ ಕಾಲ ಕಾದು ಕುಳಿತರು. ಉಪ್ಪು ಒಡಲಿನ ನೀರನ್ನೆಲ್ಲ ಹೀರಿ ಮುಳುಗಿದವರನ್ನು ಬದುಕಿಸುವುದೆಂದು ಮೊಬೈಲ್ ಫೋನಿನಲ್ಲಿ ಹರಿದಾಡುತ್ತಿದ್ದ ಒಂದು ಬರಹವನ್ನು ಅವರು ನಂಬಿದ್ದರು. ಮಗನು ಏಳಲಿಲ್ಲ. ಕಡೆಗೆ ಉಪ್ಪನ್ನು ಸರಿಸಿ ಅಂತ್ಯಸಂಸ್ಕಾರ ಮಾಡಬೇಕಾಯಿತು.

ಈ ವರ್ತಮಾನವನ್ನು ಓದಿದ ಪಟ್ಟಣವಾಸಿಗಳಲ್ಲಿ ಅನೇಕರು, ಹಳ್ಳಿಯವರ ಮೌಢ್ಯಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ ಎಂದು ತಲೆದೂಗಿದರು. ನಮಗೆ ಹಾಗೆ ತೋರಲಿಲ್ಲ. ಪುತ್ರಶೋಕದಲ್ಲಿ ಮುಳುಗಿದ ತಂದೆತಾಯಿಗಳು ಕೈಗೆ ಸಿಕ್ಕಿದ ಹುಲ್ಲುಕಡ್ಡಿಯನ್ನು ಹಿಡಿದರು, ಅದು ಸಹಜ. ಅವರ ಕೈಗೆ ಗಟ್ಟಿಯಾದ ಹಗ್ಗವೊಂದನ್ನು ಕೊಟ್ಟವರು ಯಾರಿದ್ದರು? ಮುಳುಗಿದ ಮಗುವನ್ನು ದಡಕ್ಕೆಳೆದ ಮೊದಲ ಐದು ನಿಮಿಷಗಳಲ್ಲಿ ಏನು ಮಾಡಬೇಕೆಂಬುದನ್ನು ಯಾವ ಶಾಲೆಯು, ಯಾವ ಕಚೇರಿಯು, ಯಾವ ಪತ್ರಿಕೆಯು ಅವರಿಗೆ ತಿಳಿಯುವ ಕನ್ನಡದಲ್ಲಿ ಹೇಳಿಕೊಟ್ಟಿತ್ತು? ನಮ್ಮ ಪತ್ರಿಕೆಯೂ ಈ ಆಕ್ಷೇಪಕ್ಕೆ ಹೊರತಲ್ಲ. ಕಾಲುವೆಯಲ್ಲಿ ಮುಳುಗಿ ಸತ್ತ ಮಕ್ಕಳ ಸುದ್ದಿಯನ್ನು ನಾಲ್ಕು ಪಂಕ್ತಿಗಳಲ್ಲಿ ಮೂಲೆಗೆ ಒತ್ತರಿಸಿ ಅಚ್ಚು ಹಾಕಿದ ಪಾಪವು ನಮಗೂ ಅಂಟಿದೆ. ಅರಿವು ಹೋಗದೆಡೆಗೆ ವದಂತಿಯು ಹೋಯಿತು, ಅಷ್ಟೇ.

ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರು ಈ ನಾಲ್ಕೂರುಗಳ ಸೀಮೆಯು ನೀರಿಗಾಗಿ ತಪಿಸಿದ ಸೀಮೆ. 1876-78ರ ಮಹಾಕ್ಷಾಮವು ಬಳ್ಳಾರಿ ಜಿಲ್ಲೆಯನ್ನು ಹೇಗೆ ಹಿಂಡಿತೆಂಬುದು ಇತಿಹಾಸಪ್ರಸಿದ್ಧವಾಗಿದೆ. ಆ ಬವಣೆಯನ್ನು ನೀಗಲೆಂದೇ ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು. 1953ರ ಹೊತ್ತಿಗೆ ನದಿಯು ಕಟ್ಟೆಯ ಹಿಂದೆ ನಿಂತಿತು. ಸುಮಾರು 378 ಚದರ ಕಿಲೋಮೀಟರು ಹರವಿನ ಜಲರಾಶಿ, 33 ತೂಬುಬಾಗಿಲುಗಳು, ಎಡಕ್ಕೂ ಬಲಕ್ಕೂ ಮೇಲ್ಮಟ್ಟದಲ್ಲಿಯೂ ಕೆಳಮಟ್ಟದಲ್ಲಿಯೂ ಹರಿದ ಕಾಲುವೆಗಳು, ಜೋಳ ಬೆಳೆಯುತ್ತಿದ್ದ ನೆಲದಲ್ಲಿ ಬತ್ತದ ಗದ್ದೆ. ಇದನ್ನೆಲ್ಲ ನಾವು ಹೆಮ್ಮೆಯಿಂದ ಲೆಕ್ಕವಿಟ್ಟಿದ್ದೇವೆ. ಎಷ್ಟು ಎಕರೆಗೆ ನೀರುಂಟಾಯಿತೆಂಬುದು ಪ್ರತಿಯೊಂದು ಸರಕಾರಿ ವರದಿಯಲ್ಲಿಯೂ ಸಿಕ್ಕುತ್ತದೆ. ಈ ನೀರಿನ ಪಕ್ಕದಲ್ಲಿ ಹುಟ್ಟಿ ಬೆಳೆಯುವ ಮಕ್ಕಳಿಗೆ ಅದರೊಡನೆ ಬಾಳುವ ವಿದ್ಯೆಯನ್ನು ಕಲಿಸಬೇಕೆಂಬ ಒಂದು ಅಂಕಣವು ಮಾತ್ರ ಆ ಲೆಕ್ಕದಲ್ಲಿ ಇಲ್ಲ. ನೀರು ಬಂದಿತು, ನೀರಿನ ಅರಿವು ಬರಲಿಲ್ಲ. ಈ ಲೇಖನದಲ್ಲಿ ನಾವು ನಿವೇದಿಸಬೇಕೆಂದಿರುವುದು ಇಷ್ಟೇ.

ಹಳೆಯ ನೀರಿಗೂ ಹೊಸ ನೀರಿಗೂ ಇರುವ ಅಂತರವನ್ನು ವಾಚಕರು ಕಣ್ಣಾರೆ ಕಾಣಬಹುದು. ಹಂಪಿಯಲ್ಲಿ ಮಹಾನವಮಿ ದಿಬ್ಬದ ಸಮೀಪದಲ್ಲಿರುವ ಕರಿಕಲ್ಲಿನ ಪುಷ್ಕರಿಣಿಯ ಮುಂದೆ ಒಂದು ಗಳಿಗೆ ನಿಂತು ನೋಡಿರಿ. ನಾಲ್ಕು ಕಡೆಗಳಿಂದಲೂ ಮೆಟ್ಟಿಲುಗಳು ಅಂತಸ್ತು ಅಂತಸ್ತಾಗಿ ಇಳಿದು ಹೋಗಿವೆ. ನೀರು ಎಷ್ಟೇ ಏರಲಿ, ಎಷ್ಟೇ ಇಳಿಯಲಿ, ಕಾಲಿಡಲು ಒಂದು ಮೆಟ್ಟಿಲು ಇದ್ದೇ ಇರುತ್ತದೆ. ಮಗುವೊಂದು ಜಾರಿದರೂ ಮುಂದಿನ ಮೆಟ್ಟಿಲಿನ ಮೇಲೆಯೇ ಬೀಳುವುದು. ಆಳವು ಹಂತ ಹಂತವಾಗಿ ತನ್ನನ್ನು ತಾನೇ ತಿಳಿಸಿಕೊಡುವುದು. ಕಟ್ಟಿದವರು ಇಳಿಯುವವನನ್ನು ನೆನೆದಂತೆಯೇ ಏರಿ ಬರಬೇಕಾದವನನ್ನೂ ನೆನೆದಿದ್ದರು.

ಅಲ್ಲಿಂದ ನೇರವಾಗಿ ಯಾವುದಾದರೊಂದು ಕಾಂಕ್ರೀಟು ಕಾಲುವೆಯ ದಂಡೆಗೆ ಬನ್ನಿರಿ. ಇಳಿಜಾರಾದ ನುಣುಪು ಗೋಡೆ, ಅದರ ಮೇಲೆ ಹಸುರು ಪಾಚಿ, ಕೆಳಗೆ ಸದ್ದಿಲ್ಲದೆ ರಭಸದಿಂದ ಸಾಗುವ ನೀರು. ಜಾರಿದವನು ಈಜುಗಾರನೇ ಆಗಿದ್ದರೂ ಹಿಡಿಯಲು ಬೇರಿಲ್ಲ, ಊರಲು ಕಲ್ಲಿಲ್ಲ. ಹೊಸಪೇಟೆಯ ಮನೆಗಳ ನಡುವೆ ಸಾಗುವ ರಾಯ ಕಾಲುವೆ, ಬಸವಣ್ಣ ಕಾಲುವೆಗಳು ವಿಜಯನಗರದ ಅರಸರ ಕಾಲದವು. ಈಚೆಗೆ ಆ ಹಳೆಯ ಕಾಲುವೆಗಳಿಗೂ ಕಾಂಕ್ರೀಟಿನ ಹೊದಿಕೆಯನ್ನು ಹಾಕುತ್ತಾ ಬಂದಿದ್ದಾರೆ. ನೀರು ಸೋರದೆ ಕೊನೆಯ ಗದ್ದೆಗೂ ಮುಟ್ಟುವುದು ಒಳ್ಳೆಯದೇ. ಆದರೆ ಸೋರಿಕೆಯನ್ನು ತಡೆಯಲು ತೋರಿದ ಜಾಣ್ಮೆಯಲ್ಲಿ ನೂರರಲ್ಲೊಂದು ಪಾಲನ್ನು ನೂರು ಗಜಕ್ಕೊಂದು ಸಾಲು ಮೆಟ್ಟಿಲನ್ನೋ ಇಳಿಬಿಟ್ಟ ಸರಪಳಿಯನ್ನೋ ಇಡುವುದರಲ್ಲಿ ತೋರಿದ್ದರೆ ಎಷ್ಟೋ ಮನೆಗಳ ದೀಪ ಉಳಿಯುತ್ತಿತ್ತು.

ಕಂಪ್ಲಿಯ ಕಡೆ ಬತ್ತ, ಕಬ್ಬುಗಳ ನಡುವೆ ನೀರು ಮನೆಯಂಗಳದವರೆಗೂ ಬಂದಿದೆ. ನಾಟಿಯ ಕಾಲದಲ್ಲಿ ತಾಯಂದಿರು ಗದ್ದೆಯಲ್ಲಿ ಬಗ್ಗಿರುವಾಗ ಬದುವಿನ ಮೇಲೆ ಆಡುವ ಕೂಸಿಗೂ ಕಾಲುವೆಗೂ ನಡುವೆ ಇರುವುದು ನಾಲ್ಕು ಹೆಜ್ಜೆ. ಸಂಡೂರಿನ ಮಾತು ಬೇರೆ. ಸೆಪ್ಟೆಂಬರಿನ ಸಂಡೂರನ್ನು ನೋಡಬೇಕೆಂಬ ಮಾತೊಂದು ಗಾಂಧೀಜಿಯವರ ಹೆಸರಿನೊಡನೆ ಅಲ್ಲಿ ಇಂದಿಗೂ ಕೇಳಿಬರುತ್ತದೆ. ಬೆಟ್ಟಗಳನ್ನು ಹಸುರಾಗಿಸುವ ಅದೇ ಮಳೆಯು ಅದಿರು ತೆಗೆದು ಬಿಟ್ಟ ಗುಂಡಿಗಳನ್ನೂ ತುಂಬಿಸುತ್ತದೆ. ಕೆರೆಯ ಅಂಚು ಮೆಲ್ಲನೆ ಇಳಿಯುವುದು. ಗಣಿಯ ಅಂಚು ಗೋಡೆಯಂತೆ ಕಡಿದು ಬೀಳುವುದು. ಎಮ್ಮೆ ಮೈತೊಳೆಯಲು ಇಳಿದ ಹುಡುಗನಿಗೆ ಮೊದಲ ಹೆಜ್ಜೆಗೆ ಮೊಳಕಾಲುದ್ದ, ಎರಡನೆಯ ಹೆಜ್ಜೆಗೆ ಪಾತಾಳ. ಹೊಲಗಳಲ್ಲಿ ತೋಡಿದ ಕೃಷಿಹೊಂಡಗಳದೂ ಇದೇ ಕಥೆ. ತಳಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯು ನೀರನ್ನು ಹಿಡಿದಿಡುವಂತೆಯೇ ಬಿದ್ದ ಮಗುವನ್ನೂ ಹಿಡಿದಿಡುತ್ತದೆ, ಮೇಲಕ್ಕೆ ಬಿಡುವುದಿಲ್ಲ. ಕೃಷಿಭಾಗ್ಯ ಯೋಜನೆಯಲ್ಲಿ ಹೊಂಡದ ಸುತ್ತ ತಂತಿಬೇಲಿಗೂ ಸಹಾಯಧನವಿದೆ. ಹೊಂಡವನ್ನು ತೋಡಿಸಿ ಬೇಲಿಯನ್ನು ಮರೆತ ರೈತಬಾಂಧವರು ತಮ್ಮ ಮಕ್ಕಳ ಮುಖವನ್ನೊಮ್ಮೆ ನೋಡಿ ಆ ಕೆಲಸವನ್ನು ಪೂರೈಸಬೇಕು.

ಇನ್ನು ಹೊಳೆ. ಕಟ್ಟೆ ಕಟ್ಟುವ ಮುನ್ನ ಹೊಳೆಯ ಏರಿಳಿತವನ್ನು ಆಕಾಶವು ತಿಳಿಸುತ್ತಿತ್ತು; ಈಗ ತೂಬು ತಿಳಿಸಬೇಕು. ಮಲೆನಾಡಿನಲ್ಲಿ ಮಳೆಯಾಗಿ ಜಲಾಶಯ ತುಂಬಿದರೆ, ಹಂಪಿಯ ಮೇಲೆ ಒಂದು ಮೋಡವಿಲ್ಲದ ದಿನವೂ ಹೊಳೆಯು ಉಕ್ಕಬಹುದು. 2024ರ ಆಗಸ್ಟ್ 10ರ ರಾತ್ರಿ 19ನೆಯ ಬಾಗಿಲಿನ ಸರಪಳಿಯು ಕಡಿದು ಬಾಗಿಲೇ ಕೊಚ್ಚಿಹೋದದ್ದನ್ನು ಯಾರೂ ಮರೆತಿಲ್ಲ. ಆ ಒಂದು ಕಂಡಿಯಿಂದಲೇ ಸುಮಾರು 35,000 ಕ್ಯೂಸೆಕ್ಸ್ ನೀರು ನುಗ್ಗಿತು. ಕ್ಯೂಸೆಕ್ಸ್ ಎಂಬ ಮಾತನ್ನು ನಾವು ದಿನವೂ ಅಚ್ಚು ಹಾಕುತ್ತೇವೆ. ಒಂದು ಕ್ಯೂಸೆಕ್ಸ್ ಎಂದರೆ ಸೆಕೆಂಡಿಗೆ 28 ಲೀಟರಿಗೂ ತುಸು ಹೆಚ್ಚು. ಹಾಗಾದರೆ ಆ ರಾತ್ರಿ ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತು ಲಕ್ಷ ಲೀಟರಿನಷ್ಟು ನೀರು ಹೊಳೆಗೆ ಬಿದ್ದಿತು. ರಭಸದ ನೀರು ಅರ್ಧ ಅಡಿಯಷ್ಟಿದ್ದರೂ ಬೆಳೆದ ಆಳಿನ ಕಾಲನ್ನು ತಪ್ಪಿಸಬಲ್ಲದು. ಮಗುವಿನ ಪಾಡೇನು?

ಈ ಪಾಠವನ್ನು ಮಕ್ಕಳಿಗೆ ಹೇಳಲು ದೊಡ್ಡ ಯಂತ್ರಗಳು ಬೇಕಿಲ್ಲ. ಹಂಪಿಯಲ್ಲಿ ಹೊಳೆಯ ದಡದ ಪುರಂದರ ಮಂಟಪವೇ ಒಂದು ಅಳತೆಗೋಲು. ಮಂಟಪದ ಕಂಬಗಳಿಗೆ ನೀರು ಏರಿತೆಂದರೆ ಸ್ನಾನವೂ ಇಲ್ಲ, ಹರಿಗೋಲೂ ಇಲ್ಲ. ಕಂಪ್ಲಿಯವರಿಗೆ ಗಂಗಾವತಿಯ ಹಾದಿಯ ಸೇತುವೆಯೇ ಅಂತಹ ಅಳತೆ. ಪ್ರತಿಯೊಂದು ಊರಿನಲ್ಲಿಯೂ ಇಂತಹ ಒಂದು ಗುರುತಿದೆ. ಹಿರಿಯರಿಗೆ ಅದು ಗೊತ್ತು. ಶಾಲೆಯ ಮೇಷ್ಟ್ರು ಮಕ್ಕಳನ್ನು ಒಂದು ಬೆಳಗ್ಗೆ ದೂರದಿಂದಲೇ ಕರೆದು ತೋರಿಸಿದರೆ, ಆ ಗುರುತು ಅವರ ಜೀವಮಾನದುದ್ದಕ್ಕೂ ಮನಸ್ಸಿನಲ್ಲಿ ನಿಲ್ಲುವುದು.

ಇದು ನಮ್ಮ ಸೀಮೆಯೊಂದರ ಸಂಕಟವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2024ರ ಡಿಸೆಂಬರಿನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗದವರು 5 ವರ್ಷದೊಳಗಿನ ಕೂಸುಗಳು. ನಮ್ಮ ದೇಶದ ಅಪರಾಧ ದಾಖಲೆಗಳ ಬ್ಯೂರೋದವರ ಲೆಕ್ಕದಲ್ಲಿ 2022ರ ಒಂದೇ ವರ್ಷಕ್ಕೆ ಈ ಸಾವುಗಳು 38 ಸಾವಿರವನ್ನು ದಾಟಿದವು. ಯುದ್ಧದಲ್ಲಿ ಇಷ್ಟು ಜನ ಮಡಿದಿದ್ದರೆ ದೇಶವೇ ಎದ್ದು ನಿಲ್ಲುತ್ತಿತ್ತು. ಇವರು ಒಬ್ಬೊಬ್ಬರಾಗಿ, ಮಧ್ಯಾಹ್ನದ ಹೊತ್ತಿನಲ್ಲಿ, ಯಾರೂ ನೋಡದಿರುವಾಗ ಹೋಗುತ್ತಾರೆ, ಆದುದರಿಂದ ಸುದ್ದಿಯಾಗುವುದಿಲ್ಲ.

ಸದ್ದಾಗುವುದೂ ಇಲ್ಲ. ಮುಳುಗುವವನು ಕೈಯೆತ್ತಿ ಕೂಗುವನೆಂಬುದು ನಾಟಕದ ಮಾತು. ಬಾಯಿ ನೀರಿನ ಮಟ್ಟಕ್ಕೆ ಇಳಿದ ಮಗುವಿಗೆ ಉಸಿರೆಳೆಯುವುದಕ್ಕೇ ಹೊತ್ತಿಲ್ಲ, ಕೂಗುವುದೆಲ್ಲಿಂದ ಬಂತು? ತಲೆ ಹಿಂದಕ್ಕೆ ವಾಲಿ, ತೋಳುಗಳು ಅಕ್ಕಪಕ್ಕದಲ್ಲಿ ನೀರನ್ನು ಒತ್ತುತ್ತಾ, ಅರೆ ನಿಮಿಷ ಒಂದು ನಿಮಿಷದೊಳಗೆ ಮೌನವಾಗಿ ಅಡಗಿಹೋಗುತ್ತದೆ. ಹೊಳೆ ಕಾಲುವೆಗಳೇ ಬೇಕೆಂಬುದೂ ಇಲ್ಲ. ಬಚ್ಚಲಿನಲ್ಲಿಟ್ಟ ಒಂದು ಬಕೆಟ್ಟು ನೀರಿಗೆ ತಲೆಕೆಳಗಾಗಿ ಬಿದ್ದ ಅಂಬೆಗಾಲಿನ ಕೂಸಿಗೆ ಅಷ್ಟೇ ಸಾಕು.

ನಮ್ಮ ಬಾಲ್ಯದಲ್ಲಿ ಈಜು ಕಲಿಸುವುದು ಸೋದರಮಾವನ ಹೊಣೆಯಾಗಿತ್ತು. ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಹಗ್ಗದ ತುದಿಯನ್ನು ತನ್ನ ಮುಂಗೈಗೆ ಸುತ್ತಿಕೊಂಡು, ಮೆಟ್ಟಿಲುಬಾವಿಗೆ ಇಳಿಸುತ್ತಿದ್ದನು. ನಾವು ಅಳುತ್ತಿದ್ದೆವು, ಅವನು ಹಗ್ಗವನ್ನು ಬಿಡುತ್ತಿರಲಿಲ್ಲ. ಬಾವಿಗೆ ಒಬ್ಬನೇ ಹೋದವನಿಗೆ ಮನೆಯಲ್ಲಿ ಏಟು ಕಾದಿರುತ್ತಿತ್ತು. ಈಜಿನೊಡನೆ ಈಜಿನ ನಿಯಮವನ್ನೂ ನಾವು ಕಲಿತದ್ದು ಹೀಗೆ. ಇಂದು ಬಾವಿಗಳು ಬತ್ತಿವೆ ಅಥವಾ ಮುಚ್ಚಿವೆ, ಕೊಳವೆಬಾವಿಗಳು ಬಂದಿವೆ, ಮಾವಂದಿರು ಬೆಂಗಳೂರು ಸೇರಿದ್ದಾರೆ. ಕಲಿಸುವವರಿಲ್ಲದ ಹುಡುಗರು ಬೇಸಗೆಯ ರಜದಲ್ಲಿ ಐದಾರು ಮಂದಿ ಕೂಡಿ ತಾವೇ ಕಾಲುವೆಗೆ ಹೋಗುತ್ತಾರೆ, ಒಬ್ಬನು ಜಾರಿದರೆ ಅವನನ್ನು ಹಿಡಿಯಲು ಇನ್ನೊಬ್ಬನು ಧುಮುಕುತ್ತಾನೆ, ಇಬ್ಬರೂ ಹೋಗುತ್ತಾರೆ. ಹೆಣ್ಣುಮಕ್ಕಳಿಗೆ ಅಂದೂ ಕಲಿಸಲಿಲ್ಲ, ಇಂದೂ ಕಲಿಸುತ್ತಿಲ್ಲ. ಬಟ್ಟೆ ಒಗೆಯಲು, ಪಾತ್ರೆ ಬೆಳಗಲು, ನೀರು ತರಲು ಕಾಲುವೆಗೆ ಇಳಿಯುವವರು ಅವರೇ ಎಂಬುದನ್ನು ನೆನೆದರೆ ಈ ಅನ್ಯಾಯವು ಇನ್ನೂ ದೊಡ್ಡದಾಗಿ ಕಾಣುತ್ತದೆ.

ಈಜು ಬಂದರೆ ಸಾಕೆಂಬುದೂ ಭ್ರಮೆಯೇ. 2025ರ ಫೆಬ್ರವರಿಯಲ್ಲಿ ಹಂಪಿಯ ಆಚೆ ದಡದ ಸಣಾಪುರದ ಹತ್ತಿರ ಬಂಡೆಯ ಮೇಲಿನಿಂದ ಹೊಳೆಗೆ ಧುಮುಕಿದ ಪ್ರವಾಸಿಯೊಬ್ಬರು ಸೆಳವಿಗೆ ಸಿಕ್ಕಿ ಪ್ರಾಣವನ್ನು ಕಳೆದುಕೊಂಡರು. ಬಂಡೆಗಳ ನಡುವೆ ನುಸುಳುವ ತುಂಗಭದ್ರೆಯ ಮೇಲ್ಮೈ ಕನ್ನಡಿಯಂತಿದ್ದು ಒಳಗೆ ಬಿಲಗಳೂ ಸುಳಿಗಳೂ ಇರುತ್ತವೆ. ಈ ನದಿಯನ್ನು ಬಲ್ಲವರು ಹರಿಗೋಲಿನ ಅಂಬಿಗರು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯಸ್ ಚರ್ಮ ಹೊದಿಸಿದ ಈ ದುಂಡುದೋಣಿಗಳನ್ನು ಕಂಡು ವಿವರಿಸಿದ್ದಾನೆ. ಐದು ಶತಮಾನಗಳಿಂದ ಈ ಹೊಳೆಯನ್ನು ಓದುತ್ತಾ ಬಂದ ಆ ಜನರ ವಿದ್ಯೆಯು ಯಾವ ಪಾಠಪುಸ್ತಕದಲ್ಲಿಯೂ ಇಲ್ಲ. ಎಲ್ಲಿ ಇಳಿಯಬಾರದು, ಯಾವ ಬಣ್ಣದ ನೀರನ್ನು ನಂಬಬಾರದು ಎಂಬುದನ್ನು ವರ್ಷಕ್ಕೊಂದು ದಿನ ಶಾಲೆಗೆ ಬಂದು ಹೇಳಿರೆಂದು ಅವರನ್ನು ಗೌರವದಿಂದ ಕರೆದರೆ, ಮಕ್ಕಳಿಗೂ ಲಾಭ, ಅವರಿಗೂ ಮರ್ಯಾದೆ. ಹರಿಗೋಲು ಹತ್ತುವ ಪ್ರತಿಯೊಬ್ಬನೂ ಪ್ರಾಣರಕ್ಷಕ ಕವಚವನ್ನು ತೊಡಲೇಬೇಕೆಂಬ ಕಟ್ಟುಪಾಡು ಅವರ ಕಡೆಯಿಂದಲೂ ಬರಬೇಕು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದು, 5 ವರ್ಷದೊಳಗಿನ ಕೂಸುಗಳಿಗೆ ಬುದ್ಧಿವಾದದಿಂದ ಪ್ರಯೋಜನವಿಲ್ಲ. ಅವುಗಳಿಗೆ ಬೇಕಾದುದು ಬೇಲಿ ಮತ್ತು ಕಾವಲು. ನೆರೆಯ ಬಾಂಗ್ಲಾದೇಶವು ಈ ದಾರಿಯಲ್ಲಿ ನಮಗಿಂತ ಮುಂದಿದೆ. ತಾಯಂದಿರಿಗೆ ಕೈತುಂಬ ಕೆಲಸವಿರುವ ಬೆಳಗಿನ 9ರಿಂದ ಮಧ್ಯಾಹ್ನ 1ರವರೆಗೆ ಚಿಕ್ಕ ಮಕ್ಕಳನ್ನು ಒಂದು ಮನೆಯಲ್ಲಿ ಕೂಡಿಸಿ ನೋಡಿಕೊಳ್ಳುವ ಕೇಂದ್ರಗಳನ್ನು ಅಲ್ಲಿಯ ಹಳ್ಳಿಗಳಲ್ಲಿ ತೆರೆದರು. ಅಲ್ಲಿಗೆ ಬರುವ ಮಕ್ಕಳಲ್ಲಿ ಮುಳುಗಿ ಸಾಯುವವರ ಪ್ರಮಾಣವು ಶೇಕಡಾ 80ಕ್ಕಿಂತ ಹೆಚ್ಚಾಗಿ ಇಳಿಯಿತು. ನಮ್ಮ ರಾಜ್ಯದಲ್ಲಿಯೂ 2023-24ರ ಆಯವ್ಯಯದಲ್ಲಿ ಸಾರಿದ ಕೂಸಿನ ಮನೆಗಳೆಂಬ ಯೋಜನೆಯುಂಟು. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯತಿಗಳಲ್ಲಿ ಅವನ್ನು ತೆರೆಯಬೇಕೆಂಬ ಸಂಕಲ್ಪ ಅದು. ಕಾಲುವೆಯ ದಡದ ಹಳ್ಳಿಗಳಲ್ಲಿ ಇವು ನಾಟಿಯ ತಿಂಗಳುಗಳಲ್ಲಿ ತಪ್ಪದೆ ನಡೆದರೆ, ಊಟ ಆರೈಕೆಗಳೊಡನೆ ಪ್ರಾಣವನ್ನೂ ಕಾಯುವುವು.

ಎರಡನೆಯದು, 6 ವರ್ಷ ದಾಟಿದ ಪ್ರತಿಯೊಬ್ಬ ಬಾಲಕನಿಗೂ ಬಾಲಕಿಗೂ ಈಜನ್ನು ಓದು ಬರಹದಂತೆಯೇ ಕಲಿಸಬೇಕು. ಪಂದ್ಯ ಗೆಲ್ಲುವ ಈಜು ಬೇಕಿಲ್ಲ. ಬಿದ್ದ ಕೂಡಲೆ ಅಂಗಾತ ತೇಲುವುದು, ಉಸಿರನ್ನು ಹಿಡಿತದಲ್ಲಿಡುವುದು, ದಡಕ್ಕೆ ನಾಲ್ಕು ಮಾರು ಸಾಗುವುದು, ಇಷ್ಟು ಸಾಕು. ಮೂರನೆಯದು, ಗೆಳೆಯನು ಮುಳುಗುತ್ತಿರುವಾಗ ಧುಮುಕಬಾರದೆಂಬ ನಿಯಮ. ಇದು ಹೇಡಿತನದ ಉಪದೇಶವಲ್ಲ. ಮುಳುಗುವವನು ಅಪ್ಪಿಕೊಂಡರೆ ಬಲ್ಲ ಈಜುಗಾರನೂ ಮುಳುಗುವನು. ದಡದಲ್ಲಿ ಮಲಗಿ ಕೋಲನ್ನು ಚಾಚಬೇಕು. ಪಂಚೆ, ಸೀರೆ, ಹಗ್ಗ ಕೈಗೆ ಸಿಕ್ಕಿದ್ದನ್ನು ಎಸೆಯಬೇಕು. ಬಾಯಿ ಮುಚ್ಚಿದ ಖಾಲಿ ಕೊಡ, ಡಬ್ಬ ತೇಲಿಬಿಡಬೇಕು. ಕೂಗಿ ಹಿರಿಯರನ್ನು ಕರೆಯಬೇಕು.

ನಾಲ್ಕನೆಯದು, ಉಪ್ಪಿನ ಜಾಗದಲ್ಲಿ ಇಡಬೇಕಾದ ವಿದ್ಯೆ. ಮುಳುಗಿದವನು ಸಾಯುವುದು ಉಸಿರಿಲ್ಲದೆ. ಉಸಿರು ನಿಂತ ನಾಲ್ಕೈದು ನಿಮಿಷಗಳಲ್ಲಿಯೇ ಮೆದುಳು ಕೆಡತೊಡಗುವುದು. ಚರ್ಮದ ಮೇಲೆ ಎಷ್ಟು ಮೂಟೆ ಉಪ್ಪು ಸುರಿದರೂ ಒಂದು ಉಸಿರೂ ಒಳಗೆ ಹೋಗದು. ಕಾಲು ಹಿಡಿದು ತಿರುಗಿಸುವುದು, ಹೊಟ್ಟೆಯನ್ನು ಅದುಮಿ ನೀರು ಕಕ್ಕಿಸುವುದು ಇವೂ ವ್ಯರ್ಥ, ಅಪಾಯಕರ. ಮಗುವನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಉಸಿರಿಲ್ಲದಿದ್ದರೆ ತಲೆಯನ್ನು ಹಿಂದಕ್ಕೆ ಬಾಗಿಸಿ ಗದ್ದವನ್ನು ಎತ್ತಬೇಕು. ಮೂಗನ್ನು ಹಿಡಿದು ಬಾಯಿಗೆ ಬಾಯಿಟ್ಟು, ಎದೆ ಏಳುವಷ್ಟು ಎರಡು ಸಲ ಉಸಿರು ಊದಬೇಕು. ಅನಂತರ ಎದೆಯ ನಡುವೆ ನಿಮಿಷಕ್ಕೆ ನೂರಕ್ಕೆ ಕಡಿಮೆಯಿಲ್ಲದ ವೇಗದಲ್ಲಿ 30 ಸಲ ಒತ್ತಿ, ಮತ್ತೆ ಎರಡು ಉಸಿರು. ಮಗು ಉಸಿರಾಡುವವರೆಗೆ ಅಥವಾ ವೈದ್ಯರು ಬರುವವರೆಗೆ ಬಿಡಬಾರದು. ಇನ್ನೊಬ್ಬರು ಆ ವೇಳೆಗೆ 112ಕ್ಕೋ 108ಕ್ಕೋ ಕರೆ ಮಾಡಬೇಕು. ಮಗು ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಒಯ್ಯಲೇಬೇಕು. ವೈದ್ಯರೊಬ್ಬರು ಒಂದು ಗಂಟೆ ಅಭ್ಯಾಸ ಮಾಡಿಸಿದರೆ ಹತ್ತನೆಯ ತರಗತಿಯ ಯಾವ ವಿದ್ಯಾರ್ಥಿಯೂ ಇದನ್ನು ಕಲಿಯಬಲ್ಲನು.

ಇದೆಲ್ಲ ತಂದೆತಾಯಿಗಳ ಕೆಲಸ, ಸರಕಾರವು ಮನೆಮನೆಗೆ ಕಾವಲಿರಲು ಸಾಧ್ಯವೇ ಎಂದು ಕೆಲವು ಅಧಿಕಾರಿಗಳು ಕೇಳಬಹುದು. ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ. ಮಗುವಿನ ಮೇಲೆ ಕಣ್ಣಿಡುವುದು ಮನೆಯವರ ಧರ್ಮ. ಆ ಮಾತಿಗೆ ಎದುರಿಲ್ಲ. ಆದರೆ ಕಾಲುವೆಯನ್ನು ಮನೆಯ ಪಕ್ಕಕ್ಕೆ ತಂದವರು ತಂದೆತಾಯಿಗಳಲ್ಲ. ಗಣಿಯನ್ನು ತೋಡಿ ತೆರೆದು ಬಿಟ್ಟವರೂ ಅವರಲ್ಲ. ಬಳ್ಳಾರಿಯ ಗಣಿಗಾರಿಕೆಯನ್ನು 2011ರಲ್ಲಿ ತಡೆದ ಸರ್ವೋಚ್ಚ ನ್ಯಾಯಾಲಯವು ತರುವಾಯ ಅಗೆದ ನೆಲದ ಪುನಶ್ಚೇತನವನ್ನು ಷರತ್ತಾಗಿ ವಿಧಿಸಿತು. ನೆಲದ ಗಾಯವನ್ನು ಮಾಯಿಸುವ ಆ ಕಾರ್ಯದಲ್ಲಿ ನೀರು ನಿಲ್ಲುವ ಗುಂಡಿಗೆ ಬೇಲಿಯನ್ನು ಹಾಕುವುದು ಮೊದಲ ಕೆಲಸವಾಗಬೇಕು. ಇದರ ಜತೆಗೆ, 2021ರಲ್ಲಿ ವಿಜಯನಗರ ಜಿಲ್ಲೆಯು ಬೇರೆಯಾದ ಮೇಲೆ ಹೊಸಪೇಟೆ ಹಂಪಿಗಳು ಒಂದು ಜಿಲ್ಲೆಗೆ, ಕಂಪ್ಲಿ ಸಂಡೂರುಗಳು ಇನ್ನೊಂದಕ್ಕೆ, ಆಚೆಯ ದಡವು ಕೊಪ್ಪಳಕ್ಕೆ ಸೇರಿವೆ. ಕಚೇರಿಗಳು ಮೂರಾದವು, ಹೊಳೆ ಒಂದೇ. ತೂಬು ಎತ್ತುವ ಎಚ್ಚರಿಕೆಯು ಒಂದೇ ಗಳಿಗೆಯಲ್ಲಿ ಮೂರು ಜಿಲ್ಲೆಗಳ ಕೊನೆಯ ಸ್ನಾನಘಟ್ಟದವರೆಗೂ, ಅಲ್ಲಿ ಆಡುವ ಹುಡುಗನ ಕಿವಿಯವರೆಗೂ ಮುಟ್ಟಬೇಕು. ಮಗುವೊಂದು ಸತ್ತ ಮೇಲೆ ಫಲಕವನ್ನು ನೆಡುವುದು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಹಂಪಿಯ ನೆರೆಯಲ್ಲಿ ಬಾಳುವ ನಮಗೆ ಈ ಗಾದೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಡೆಯದಾಗಿ ಒಂದು ಸೂಚನೆ. ಜಲಾಶಯವು ತುಂಬಿದ ವರ್ಷ ಮಂತ್ರಿವರ್ಯರು ಬಂದು ತುಂಗಭದ್ರೆಗೆ ಬಾಗಿನವನ್ನು ಅರ್ಪಿಸುವ ಸಂಪ್ರದಾಯವಿದೆ. ಸಾಮಾನ್ಯವಾಗಿ ಜಲಾಶಯ ತುಂಬುವ ಆ ದಿನಗಳಲ್ಲಿಯೇ, ಜುಲೈ 25ರಂದು, ನೀರಿನಲ್ಲಿ ಮುಳುಗುವುದನ್ನು ತಡೆಯುವ ವಿಶ್ವದಿನವೂ ಬರುತ್ತದೆ. 2021ರಲ್ಲಿ ಸಂಯುಕ್ತ ರಾಷ್ಟ್ರಸಂಸ್ಥೆಯು ಅದನ್ನು ಗೊತ್ತುಪಡಿಸಿತು. ಅಂದು ಈ ನಾಲ್ಕೂ ಊರುಗಳ ಎಲ್ಲ ಶಾಲೆಗಳಲ್ಲಿ ಒಂದು ಗಂಟೆ ನೀರಿನ ಪಾಠ ನಡೆಯಲಿ. ಅಂಬಿಗನೊಬ್ಬನು ಹೊಳೆಯನ್ನು ಕುರಿತು, ವೈದ್ಯನೊಬ್ಬನು ಉಸಿರನ್ನು ಕುರಿತು, ಕಾಲುವೆಯ ಇಂಜಿನಿಯರೊಬ್ಬನು ತೂಬನ್ನು ಕುರಿತು ಹೇಳಲಿ. ಖರ್ಚು ಏನೂ ಇಲ್ಲವೆಂದೇ ಹೇಳಬಹುದು. ಶಾಲಾಧಿಕಾರಿಗಳು ಮನಸ್ಸು ಮಾಡಿದರೆ ಸಾಕು. ಆ ಪಾಠವನ್ನು ಅಚ್ಚು ಹಾಕಿ ಹಂಚುವ ಹೊಣೆಯನ್ನು ನಮ್ಮ ಪತ್ರಿಕೆಯು ಸಂತೋಷದಿಂದ ಹೊರುವುದು.

ಸೋದರಮಾವನು ಮುಂಗೈಗೆ ಸುತ್ತಿಕೊಂಡಿದ್ದ ಆ ಹಗ್ಗವು ಇಂದು ಯಾರ ಕೈಯಲ್ಲಿಯೂ ಇಲ್ಲ. ಮುಂದಿನ ಮಳೆಗಾಲಕ್ಕೆ ಮುಂಚೆ ಊರಿನ ಮಹಾಜನರೂ ಅಧಿಕಾರಿಗಳೂ ಉಪಾಧ್ಯಾಯರೂ ಕೂಡಿ ಅದನ್ನು ಕೈಗೆ ತೆಗೆದುಕೊಳ್ಳಬೇಕೆಂದು ನಾವು ಪ್ರಾರ್ಥಿಸುತ್ತೇವೆ.